ಸೀಟಿನ ಕೆಳಗಿನ ಚೀಲ: ಸೈಕಲ್ ರಿಪೇರಿ ಕಿಟ್ ಪರೀಕ್ಷಿಸಿ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಕ್ರಮ

ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತಿ, ಮೇಲೆ ಚಹಾ ಕುಡಿದು, ತೀರ್ಥಹಳ್ಳಿಯ ಕಡೆಗೆ ಹೊರಟು ಅರ್ಧ ಗಂಟೆಯೂ ಆಗಿರಲಿಲ್ಲ, ನನ್ನ ಸೈಕಲ್ಲಿನ ಹಿಂದಿನ ಚಕ್ರದ ಗಾಳಿ ಪೂರ್ತಿ ಇಳಿದುಹೋಯಿತು. ಮಳೆ ಜಿನುಗುತ್ತಿತ್ತು. ಗಾಬರಿಯಾಗಲಿಲ್ಲ, ಏಕೆಂದರೆ ಸೀಟಿನ ಕೆಳಗಿನ ಚೀಲದಲ್ಲಿ ಒಮ್ಮೆಯೂ ಬಳಸದ ಟ್ಯೂಬ್ ಇತ್ತು. ಅದನ್ನು ಹಾಕಿ ಗಾಳಿ ಹೊಡೆದರೆ ಗಾಳಿ ನಿಲ್ಲಲಿಲ್ಲ. ಎರಡು ವರ್ಷ ಬೋಲ್ಟು ತಿರುಗಿಸುವ ಆರು ಮೂಲೆಯ ಅಲೆನ್ ಕೀಗಳ ಗೊಂಚಲಿನ ಪಕ್ಕದಲ್ಲೇ ಇದ್ದು, ರಸ್ತೆಯ ಪ್ರತಿ ಕುಲುಕಿಗೂ ಅದಕ್ಕೆ ಉಜ್ಜಿ ಉಜ್ಜಿ, ಆ ಟ್ಯೂಬ್ ಮಡಿಕೆಯ ಮೂಲೆಯಲ್ಲಿ ಸವೆದು ತೂತಾಗಿತ್ತು. ಪ್ಯಾಚ್ ಹಾಕೋಣವೆಂದು ಸೊಲ್ಯೂಷನ್ನಿನ ಮುಚ್ಚಳ ತೆಗೆದರೆ ಒಳಗೆ ಒಣಗಿದ ರಬ್ಬರಿನ ಎಳೆ ಬಿಟ್ಟು ಬೇರೇನೂ ಇರಲಿಲ್ಲ. ಸೈಕಲ್ ತಳ್ಳಿಕೊಂಡು ನಡೆದು ಸಿಕ್ಕ ಪಂಚರ್ ಅಂಗಡಿಯಲ್ಲಿ ಹಿರಿಯರೊಬ್ಬರು ಎರಡೂ ಟ್ಯೂಬುಗಳಿಗೆ ಚೆನ್ನಾಗಿಯೇ ಪಂಚರ್ ಹಾಕಿಕೊಟ್ಟರು. ಆದರೆ ಗಾಳಿ ತುಂಬುವಾಗ ಅವರು ತಲೆಯಾಡಿಸಿ, "ಈ ಸಪೂರ ವಾಲ್ವಿಗೆ ನಮ್ಮ ಕಂಪ್ರೆಸರ್ ಹಿಡಿಯುವುದಿಲ್ಲ ಮಾರಾಯ್ರೆ" ಎಂದರು. ಕೊನೆಗೆ ನನ್ನ ಕೈಪಂಪಿನಿಂದಲೇ ಗಾಳಿ ಹೊಡೆಯಬೇಕಾಯಿತು. ಅದರ ವಾಷರ್ ಕೂಡ ಒಣಗಿದ್ದರಿಂದ ಅರ್ಧ ಗಾಳಿ ಪಕ್ಕದಿಂದಲೇ ಸೋರಿಹೋಗುತ್ತಿತ್ತು.

ವಾಲ್ವಿಗೆ ಕೂರಿಸುವ ಒಂದು ಪುಟ್ಟ ಅಡಾಪ್ಟರ್ ಬಿಟ್ಟರೆ ಆ ಚೀಲದಲ್ಲಿ ಕೊರತೆಯಾಗಿದ್ದ ಸಾಮಾನು ಒಂದೂ ಇರಲಿಲ್ಲ. ಪಟ್ಟಿ ಹಿಡಿದು ಎಣಿಸಿದ್ದರೆ ಉಳಿದೆಲ್ಲವೂ ಸರಿಯಾಗಿ ಲೆಕ್ಕಕ್ಕೆ ಸಿಗುತ್ತಿತ್ತು. ಅಂದಿನಿಂದ ನಾನು ಎಣಿಸುವುದನ್ನು ಬಿಟ್ಟು, ಕಿಟ್‌ನ ಪ್ರತಿಯೊಂದು ವಸ್ತುವನ್ನೂ ಮನೆಯಲ್ಲಿ ನನ್ನದೇ ಸೈಕಲ್ಲಿನ ಮೇಲೆ ಬಳಸಿ ನೋಡುವ ಪದ್ಧತಿ ಇಟ್ಟುಕೊಂಡಿದ್ದೇನೆ. ರಬ್ಬರು, ಅಂಟು, ಉಕ್ಕು, ಈ ಮೂರೂ ಸುಮ್ಮನೆ ಇದ್ದಲ್ಲಿಯೇ ಹಾಳಾಗುವ ವಸ್ತುಗಳು. ಬಿಸಿಲು, ಕೆಸರು, ಕುಲುಕಾಟಗಳ ನಡುವೆ ಸೀಟಿನ ಕೆಳಗೆ ತೂಗಾಡುವ ಚೀಲದಲ್ಲಿ ಅವು ಇನ್ನೂ ಬೇಗ ಹಾಳಾಗುತ್ತವೆ. ಈ ಪರೀಕ್ಷೆಯನ್ನು ಹೇಗೆ ಮಾಡಬೇಕೆಂದು ಮುಂದೆ ಹಂತ ಹಂತವಾಗಿ ವಿವರಿಸಿದ್ದೇನೆ.

ಯಾವಾಗ ಮಾಡಬೇಕು

ಮೂರು ತಿಂಗಳಿಗೊಮ್ಮೆ ಪೂರ್ತಿ ಪರೀಕ್ಷೆ ಮಾಡಿದರೆ ಸಾಕು. ಅದರ ಜೊತೆಗೆ ಬೇಸಿಗೆ ಮುಗಿದು ಮುಂಗಾರು ಶುರುವಾಗುವ ಮೊದಲು ಒಮ್ಮೆ, ಚೀಲ ಒದ್ದೆಯಾದ ಪ್ರತಿ ಸವಾರಿಯ ನಂತರ ಒಮ್ಮೆ, ಮತ್ತು ಬ್ರೆವೆಯಂಥ (ಗೊತ್ತುಪಡಿಸಿದ ದೂರವನ್ನು ಗೊತ್ತುಪಡಿಸಿದ ಸಮಯದೊಳಗೆ ಮುಗಿಸುವ ಸೈಕಲ್ ಸವಾರಿ) ದೂರದ ಸವಾರಿಗೆ ಒಂದು ವಾರ ಮೊದಲು ಒಮ್ಮೆ ನೋಡಬೇಕು. 200 ಕಿ.ಮೀ. ಬ್ರೆವೆಯನ್ನು 13 ಗಂಟೆ 30 ನಿಮಿಷಗಳಲ್ಲಿ ಮುಗಿಸಬೇಕಾಗುತ್ತದೆ ಮತ್ತು ಎರಡು ಕಂಟ್ರೋಲುಗಳ, ಅಂದರೆ ದಾರಿಯ ತಪಾಸಣೆ ಕೇಂದ್ರಗಳ, ನಡುವೆ ಹೊರಗಿನ ನೆರವಿನ ವಾಹನವನ್ನು ಅವಲಂಬಿಸುವಂತಿಲ್ಲ. ಹೀಗಾಗಿ ಅಲ್ಲಿ ಕಿಟ್ ಕೈಕೊಟ್ಟರೆ ಸವಾರಿಯೇ ಮುಗಿದಂತೆ. ಒಂದು ವಾರ ಮೊದಲು ಎಂದು ಹೇಳಲು ಕಾರಣವಿದೆ: ಹಿಂದಿನ ರಾತ್ರಿ ಕೊರತೆ ಕಂಡುಬಂದರೆ ನಿಮ್ಮ ಅಳತೆಯ ಟ್ಯೂಬ್ ಊರಿನ ಅಂಗಡಿಯಲ್ಲಿ ಸಿಗುತ್ತದೆಂಬ ಭರವಸೆ ಇಲ್ಲ.

ಮೊದಲ ಹಂತ: ಎಲ್ಲವನ್ನೂ ಹರಡಿ, ಸೈಕಲ್ಲಿನ ಜಾತಕ ಬರೆದುಕೊಳ್ಳಿ

ಚೀಲದಲ್ಲಿರುವುದನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಸುರಿಯಿರಿ. ಬಿಳಿ ಬಟ್ಟೆಯಾದರೆ ತುಕ್ಕಿನ ಪುಡಿ, ಪ್ಲಾಸ್ಟಿಕ್ಕಿನ ಚೂರು, ಮರಳು ಎದ್ದು ಕಾಣುತ್ತವೆ, ಮತ್ತು ಯಾವ ವಸ್ತು ಸವೆಯುತ್ತಿದೆ ಎಂಬುದರ ಮೊದಲ ಸುಳಿವು ಅಲ್ಲಿಯೇ ಸಿಗುತ್ತದೆ. ಬಳಿಕ ಒಂದು ರಟ್ಟಿನ ಚೀಟಿಯಲ್ಲಿ ನಿಮ್ಮ ಸೈಕಲ್ಲಿನ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ: ಟೈರಿನ ಅಳತೆ, ವಾಲ್ವಿನ ಬಗೆ ಮತ್ತು ಉದ್ದ, ಹಿಂದಿನ ಗೇರುಗಳ ಸಂಖ್ಯೆ, ಬೋಲ್ಟುಗಳಿಗೆ ಬೇಕಾಗುವ ಕೀಗಳ ಅಳತೆ.

ಟೈರಿನ ಅಳತೆಯಲ್ಲಿ ಮೋಸಹೋಗುವವರು ಬಹಳ. "26 ಇಂಚು" ಎಂದು ಕೇಳಿ ತಂದ ಟೈರು ಕೂರದೇ ಇರಬಹುದು, ಏಕೆಂದರೆ 26 ಇಂಚು ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಅಳತೆಯ ರಿಮ್ಮುಗಳಿವೆ. ಟೈರಿನ ಪಕ್ಕದಲ್ಲಿ ಉಬ್ಬಕ್ಷರದಲ್ಲಿ ಅಚ್ಚಾಗಿರುವ 32-622 ಎಂಬಂಥ ಜೋಡಿ ಅಂಕಿಯನ್ನೇ ನಂಬಬೇಕು. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 700ಸಿ ಎಂದು ಮಾರುವುದೂ 29 ಇಂಚು ಎಂದು ಮಾರುವುದೂ 622ರ ರಿಮ್ಮಿಗೇ. ಗುಡ್ಡಗಾಡಿನ ಸೈಕಲ್ಲಿನ 26 ಇಂಚು ಎಂದರೆ 559, 27.5 ಇಂಚು ಎಂದರೆ 584, ನಮ್ಮ ಹಳೆಯ ಕರಿ ಸೈಕಲ್ಲಿನ 28 ಇಂಚು ಎಂದರೆ 635. ಕಿಟ್‌ನ ಟ್ಯೂಬಿನ ಪೊಟ್ಟಣದ ಮೇಲೆ ಈ ಎರಡನೆಯ ಅಂಕಿಯೂ, ನಿಮ್ಮ ಟೈರಿನ ಅಗಲವನ್ನು ಒಳಗೊಂಡ ವ್ಯಾಪ್ತಿಯೂ ಇರಬೇಕು. ಟೈರು ಬದಲಾಯಿಸಿ 25ರಿಂದ 35ಕ್ಕೆ ಹೋದವರು ಹಳೆಯ ಟ್ಯೂಬನ್ನೇ ಚೀಲದಲ್ಲಿ ಉಳಿಸಿಕೊಂಡಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ವಾಲ್ವ್ ಕೂಡ ಅಷ್ಟೇ ಮುಖ್ಯ. ಸಪೂರವಾದ ಪ್ರೆಸ್ಟಾ ವಾಲ್ವಿಗೆ ರಿಮ್ಮಿನಲ್ಲಿ 6 ಮಿ.ಮೀ. ತೂತು ಸಾಕು, ಬೈಕು ಕಾರುಗಳಲ್ಲಿರುವಂಥ ಶ್ರೇಡರ್ ವಾಲ್ವಿಗೆ 8 ಮಿ.ಮೀ. ಬೇಕು. ಸಣ್ಣ ತೂತಿನ ರಿಮ್ಮಿಗೆ ಶ್ರೇಡರ್ ಟ್ಯೂಬ್ ತಂದರೆ ಅದು ಹೋಗುವುದೇ ಇಲ್ಲ. ಆಳವಾದ ರಿಮ್ಮಾದರೆ ವಾಲ್ವಿನ ಉದ್ದವನ್ನೂ ನೋಡಬೇಕು: ರಿಮ್ಮಿನಿಂದ ಹೊರಗೆ ಪಂಪಿನ ಬಾಯಿ ಕಚ್ಚುವಷ್ಟು ಭಾಗ ಉಳಿಯಬೇಕು.

ಎರಡನೆಯ ಹಂತ: ಹೆಚ್ಚುವರಿ ಟ್ಯೂಬ್

ಟ್ಯೂಬನ್ನು ಬಿಡಿಸಿ, ದುಂಡಗಾಗುವಷ್ಟು ಮಾತ್ರ ಗಾಳಿ ಹೊಡೆಯಿರಿ. ಟೈರಿನ ಆಸರೆ ಇಲ್ಲದೆ ಹೆಚ್ಚು ಹೊಡೆದರೆ ಒಂದೇ ಕಡೆ ಬಲೂನಿನಂತೆ ಉಬ್ಬುತ್ತದೆ. ಬಕೆಟ್ ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಳುಗಿಸುತ್ತ, ಮಡಿಕೆ ಬಿದ್ದಿದ್ದ ಜಾಗಗಳಲ್ಲಿ ಎರಡೂ ಕೈಯಿಂದ ತುಸು ಎಳೆದು ನೋಡಿ. ಗುಳ್ಳೆ ಬರದಿದ್ದರೂ ಅಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಆ ಟ್ಯೂಬನ್ನು ಇಟ್ಟುಕೊಳ್ಳಬೇಡಿ. ವಾಲ್ವಿನ ಬುಡ ಇನ್ನೊಂದು ದುರ್ಬಲ ಜಾಗ. ಅಲ್ಲಿ ಸೋರಿದರೆ ಪ್ಯಾಚಿನಿಂದ ಸರಿಪಡಿಸಲು ಬರುವುದಿಲ್ಲ. ನಂತರ ಟ್ಯೂಬನ್ನು ಹಾಗೆಯೇ ಗೋಡೆಯ ಮೊಳೆಗೆ ನೇತುಹಾಕಿ, ಬೆಳಿಗ್ಗೆ ಎದ್ದು ಮುಟ್ಟಿ ನೋಡಿ. ನೀರಿನಲ್ಲಿ ಕಾಣದ ಸಣ್ಣ ಸೋರಿಕೆ ರಾತ್ರಿ ಕಳೆಯುವುದರಲ್ಲಿ ತಾನಾಗಿ ಗೊತ್ತಾಗುತ್ತದೆ.

ಮರಳಿ ಮಡಿಸುವ ಕ್ರಮಕ್ಕೂ ಗಮನ ಕೊಡಿ. ಪ್ರೆಸ್ಟಾ ವಾಲ್ವಿನ ತುದಿಯ ಪುಟ್ಟ ತಿರುಪನ್ನು ಸಡಿಲಿಸಿ, ವಾಲ್ವಿನ ಎದುರು ತುದಿಯಿಂದ ಸುತ್ತುತ್ತ ಬಂದು ಗಾಳಿಯನ್ನೆಲ್ಲ ಹೊರಗೆ ಕಳಿಸಿ, ತಿರುಪನ್ನು ಬಿಗಿದು ಮುಚ್ಚಳ ಹಾಕಿ. ರಸ್ತೆಯಲ್ಲಿ ಆ ಮುಚ್ಚಳ ಬೇಕಾಗದಿದ್ದರೂ ಚೀಲದೊಳಗೆ ಅದು ಬೇಕೇ ಬೇಕು, ಏಕೆಂದರೆ ವಾಲ್ವಿನ ಚೂಪಾದ ಲೋಹದ ತುದಿ ಸ್ವತಃ ಟ್ಯೂಬನ್ನೇ ಚುಚ್ಚಬಲ್ಲದು. ಟ್ಯೂಬಿಗೆ ತೆಳುವಾಗಿ ಟಾಲ್ಕಂ ಪೌಡರ್ ಸವರಿದರೆ ರಬ್ಬರು ರಬ್ಬರಿಗೆ ಅಂಟುವುದಿಲ್ಲ. ಪ್ರತಿ ಸಲವೂ ಹಿಂದಿನ ಗೆರೆಯ ಮೇಲೆಯೇ ಮಡಿಸದೆ ಜಾಗ ಬದಲಿಸಿ. ಕೊನೆಯಲ್ಲಿ ಹಳೆಯ ಕಾಲುಚೀಲವೊಂದರೊಳಗೆ ತುಂಬಿಡಿ. ಆ ಕಾಲುಚೀಲ ಟ್ಯೂಬನ್ನು ಉಜ್ಜಾಟದಿಂದ ಕಾಪಾಡುತ್ತದೆ, ರಸ್ತೆಯಲ್ಲಿ ಚೈನು ಹಿಡಿಯುವಾಗ ಕೈಗವಸಾಗುತ್ತದೆ, ಟೈರಿನ ಒಳಗೆ ಮುಳ್ಳು ಹುಡುಕಲು ಬಟ್ಟೆಯೂ ಆಗುತ್ತದೆ.

ಮೂರನೆಯ ಹಂತ: ಪ್ಯಾಚ್ ಮತ್ತು ಸೊಲ್ಯೂಷನ್

ಕಿಟ್‌ನಲ್ಲಿ ಅತಿ ಹೆಚ್ಚು ನಂಬಿಕೆ ಇಡುವುದೂ ಅತಿ ಹೆಚ್ಚು ಕೈಕೊಡುವುದೂ ಈ ಪುಟ್ಟ ಡಬ್ಬಿಯೇ. ಸೊಲ್ಯೂಷನ್ ಎಂದರೆ ಬರೀ ಅಂಟಲ್ಲ. ಬೇಗ ಆವಿಯಾಗುವ ದ್ರಾವಕದಲ್ಲಿ ಕರಗಿಸಿದ ರಬ್ಬರು ಅದು. ದ್ರಾವಕ ಆರಿದ ಮೇಲೆ, ಪ್ಯಾಚಿನ ತಳದ ಮೃದುವಾದ ಬಣ್ಣದ ಪದರ ಅದರೊಡನೆ ಬೆರೆತು ಟ್ಯೂಬಿನ ಭಾಗವೇ ಆಗಿಬಿಡುತ್ತದೆ. ದ್ರಾವಕದ ಇದೇ ಗುಣದಿಂದಾಗಿ, ಒಮ್ಮೆ ಮುಚ್ಚಳ ತೆರೆದು ಮೂತಿಯ ಪೊರೆ ಚುಚ್ಚಿದ ಸೊಲ್ಯೂಷನ್ ನಿಧಾನವಾಗಿ ಒಣಗುತ್ತಲೇ ಇರುತ್ತದೆ. ತೆರೆಯದೇ ಇಟ್ಟದ್ದೂ ವರ್ಷಗಟ್ಟಲೆ ಬಿಸಿಲಿನಲ್ಲಿ ಇದ್ದರೆ ಒಣಗಬಲ್ಲದು.

ಪರೀಕ್ಷೆ ಸುಲಭ. ಹೊಸ ಸೊಲ್ಯೂಷನ್ನನ್ನು ತೆರೆಯದೆ, ಎರಡು ಬೆರಳಿನ ನಡುವೆ ಮೆಲ್ಲಗೆ ಅದುಮಿ. ಒಳಗೆ ದ್ರವ ಆ ತುದಿಯಿಂದ ಈ ತುದಿಗೆ ಸರಿಯುವುದು ಬೆರಳಿಗೆ ತಿಳಿಯಬೇಕು. ಚಪ್ಪಟೆಯಾಗಿ, ಖಾಲಿ ಕಾಗದದಂತೆ ಅನಿಸಿದರೆ ಅದು ಒಣಗಿದೆ. ತೆರೆದಿರುವ ಸೊಲ್ಯೂಷನ್ನಾದರೆ ಒಂದು ಹನಿ ಹೊರಗೆ ಬರಿಸಿ ನೋಡಿ. ಹನಿಯ ಬದಲು ದಾರದಂತೆ ಎಳೆ ಬಂದರೆ ಅದರ ಕಾಲ ಮುಗಿದಿದೆ. ನನ್ನ ಸಲಹೆ ಇಷ್ಟೇ: ದೊಡ್ಡದೊಂದನ್ನು ಕೊಳ್ಳುವ ಬದಲು ಸಣ್ಣವು ಎರಡನ್ನು ಕೊಂಡು, ಎರಡನ್ನೂ ತೆರೆಯದೆ ಚೀಲದಲ್ಲಿಡಿ. ಒಂದನ್ನು ತೆರೆದ ದಿನವೇ ಅದನ್ನು ಮನೆಯ ಕೆಲಸಕ್ಕೆ ಇಳಿಸಿ, ಚೀಲಕ್ಕೆ ಹೊಸದನ್ನು ಸೇರಿಸಿ. ಸೊಲ್ಯೂಷನ್ ಅಗ್ಗದ ವಸ್ತು. ಇದರಲ್ಲಿ ಉಳಿತಾಯ ಮಾಡಬಾರದು.

ಪ್ಯಾಚುಗಳ ಬೆಳ್ಳಿಹಾಳೆ ಅಂಚಿನಲ್ಲಿ ಎದ್ದಿದ್ದರೆ ಧೂಳು ಸೇರಿ ಅವು ಕೂರುವುದಿಲ್ಲ. ಅಂಥವನ್ನು ತೆಗೆದುಹಾಕಿ. ಸೊಲ್ಯೂಷನ್ ಬೇಡದ, ತಾನೇ ಅಂಟುವ ಪ್ಯಾಚುಗಳು ಅವಸರಕ್ಕೆ ಒಳ್ಳೆಯವು. ಆದರೆ ಬಿಸಿಲಿಗೆ ಅವುಗಳ ಅಂಟು ಸಡಿಲವಾಗುತ್ತದೆ. ವರ್ಷಕ್ಕೊಮ್ಮೆ ಬದಲಿಸಿ, ಮತ್ತು ಅವನ್ನು ಮನೆ ತಲುಪುವವರೆಗಿನ ಉಪಾಯವೆಂದಷ್ಟೇ ಭಾವಿಸಿ. ಸ್ಯಾಂಡ್ ಪೇಪರಿನ ತುಂಡು ಒದ್ದೆಯಾಗಿ ನಯವಾಗಿದ್ದರೆ ಅದನ್ನೂ ಬದಲಿಸಬೇಕು.

ಇನ್ನು ಕೈಯ ಪರೀಕ್ಷೆ. ಹಳೆಯ ಟ್ಯೂಬೊಂದರಲ್ಲಿ ಬೇಕೆಂದೇ ಪಿನ್ನಿನಿಂದ ತೂತು ಮಾಡಿ, ಚೀಲದಲ್ಲಿರುವ ಸಾಮಾನನ್ನೇ ಬಳಸಿ ಪಂಚರ್ ಹಾಕಿ. ಪ್ಯಾಚಿಗಿಂತ ಎಲ್ಲ ಕಡೆ ಅರ್ಧ ಬೆರಳು ಹೆಚ್ಚು ಜಾಗವನ್ನು ಉಜ್ಜಿ ಹೊಳಪು ತೆಗೆಯಿರಿ. ಅಚ್ಚಿನ ಉಬ್ಬುಗೆರೆ ಅಲ್ಲಿ ಹಾದುಹೋಗಿದ್ದರೆ ಅದು ಸಮತಟ್ಟಾಗುವವರೆಗೂ ಉಜ್ಜಬೇಕು, ಇಲ್ಲವಾದರೆ ಗೆರೆಯ ಪಕ್ಕದ ಸಂದಿನಿಂದ ಗಾಳಿ ದಾರಿ ಮಾಡಿಕೊಳ್ಳುತ್ತದೆ. ಸೊಲ್ಯೂಷನ್ನನ್ನು ತೆಳುವಾಗಿ ಸವರಿ ಕಾಯಿರಿ. ಈ ಕಾಯುವುದರಲ್ಲೇ ಹೆಚ್ಚಿನವರು ಎಡವುವುದು. ಹಸಿಯಾಗಿರುವಾಗ ಹೊಳೆಯುವ ಸೊಲ್ಯೂಷನ್ ಸುಮಾರು ಐದು ನಿಮಿಷದಲ್ಲಿ ಮಂಕಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಹೊಳಪು ಪೂರ್ತಿ ಹೋದ ಮೇಲೆಯೇ ಪ್ಯಾಚ್ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಮೇಲಿನ ತೆಳು ಹಾಳೆಯನ್ನು ಕೀಳಲು ಹೋಗಿ ಪ್ಯಾಚಿನ ಅಂಚನ್ನೇ ಎಬ್ಬಿಸಬೇಡಿ, ಅದು ಅಲ್ಲಿಯೇ ಇದ್ದರೂ ತೊಂದರೆಯಿಲ್ಲ.

ಪಂಚರಿನ ಕಾರಣವನ್ನು ಹುಡುಕುವ ಅಭ್ಯಾಸವನ್ನೂ ಇದೇ ಹೊತ್ತಿನಲ್ಲಿ ಮಾಡಿಕೊಳ್ಳಿ. ಬಯಲುಸೀಮೆಯ ರಸ್ತೆಯಂಚಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಮತ್ತು ನೆಲಕ್ಕೆ ಹಬ್ಬುವ ನೆಗ್ಗಿಲು, ಹೆದ್ದಾರಿಯಲ್ಲಿ ಸಿಡಿದ ಲಾರಿ ಟೈರುಗಳಿಂದ ಉದುರಿದ ಕೂದಲಿನಷ್ಟು ಸಣ್ಣ ತಂತಿ, ಇವು ನಮ್ಮಲ್ಲಿ ಸಾಮಾನ್ಯ. ತಂತಿ ಕಣ್ಣಿಗೆ ಬೀಳುವುದಿಲ್ಲ. ಕಾಲುಚೀಲವನ್ನು ಟೈರಿನ ಒಳಮೈಗೆ ಸವರಿದರೆ ಅದು ಎಳೆ ಹಿಡಿದುಕೊಂಡು ಸಿಕ್ಕುತ್ತದೆ. ಬೆರಳಿನಿಂದ ಹುಡುಕಿದರೆ ಬೆರಳು ಹೋಗುತ್ತದೆ. ಟೈರಿನ ಹೆಸರು ಬರೆದ ಭಾಗ ಯಾವಾಗಲೂ ವಾಲ್ವಿನ ಪಕ್ಕಕ್ಕೇ ಬರುವಂತೆ ಟೈರು ಕೂರಿಸಿದರೆ, ಟ್ಯೂಬಿನ ತೂತಿನಿಂದ ಟೈರಿನಲ್ಲಿ ಮುಳ್ಳಿರುವ ಜಾಗವನ್ನು ಅಳೆದು ಹೇಳಬಹುದು. ಹೊರತೆಗೆಯಲು ಒಂದು ಚಿಕ್ಕ ಚಿಮಟ ಕಿಟ್‌ನಲ್ಲಿರಲಿ. ಎಷ್ಟೋ ಜನ ಇದನ್ನು ಇಟ್ಟುಕೊಳ್ಳುವುದೇ ಇಲ್ಲ, ನನಗೋ ಅದಿಲ್ಲದೆ ಹೊರಡಲು ಮನಸ್ಸೇ ಬರುವುದಿಲ್ಲ.

ನಾಲ್ಕನೆಯ ಹಂತ: ಗಾಳಿ

ಕೈಪಂಪಿನಿಂದ ಖಾಲಿ ಚಕ್ರವೊಂದನ್ನು ಸವಾರಿಗೆ ಬೇಕಾದಷ್ಟು ಒತ್ತಡಕ್ಕೆ ತನ್ನಿ, ಎಷ್ಟು ಸಲ ಒತ್ತಿದಿರೆಂದು ಎಣಿಸಿ, ದೊಡ್ಡ ಪಂಪಿನ ಮೀಟರಿನಲ್ಲಿ ಒತ್ತಡ ನೋಡಿ, ಎರಡನ್ನೂ ರಟ್ಟಿನ ಚೀಟಿಯಲ್ಲಿ ಬರೆಯಿರಿ. ಮೂರು ತಿಂಗಳ ನಂತರ ಅದೇ ಒತ್ತಡಕ್ಕೆ ಎಣಿಕೆ ಬಹಳ ಹೆಚ್ಚಾಗಿದ್ದರೆ ಪಂಪಿನೊಳಗಿನ ರಬ್ಬರಿನ ಉಂಗುರ ಒಣಗಿದೆ ಎಂದರ್ಥ. ಪಂಪನ್ನು ಬಿಚ್ಚಿ, ಹಳೆಯ ಜಿಡ್ಡನ್ನೂ ಮರಳನ್ನೂ ಒರೆಸಿ, ಉಂಗುರಕ್ಕೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಎಂಜಿನ್ ಆಯಿಲ್ ಅಥವಾ ಸಾಮಾನ್ಯ ಗ್ರೀಸು ಕೆಲವು ಬಗೆಯ ರಬ್ಬರನ್ನು ಉಬ್ಬಿಸುವುದರಿಂದ ಅವು ಬೇಡ. ಪಂಪಿನ ಬಾಯಿಯಲ್ಲಿ ವಾಲ್ವನ್ನು ಕಚ್ಚುವ ವಾಷರನ್ನೂ ನೋಡಿ. ಅದು ಸೀಳಿದ್ದರೆ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಹೆಚ್ಚು.

ಟ್ಯೂಬಿಗೆ ಗಾಳಿಯ ಬದಲು ಅನಿಲ ತುಂಬುವ ಪುಟ್ಟ ಲೋಹದ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್ ಬಳಸುವವರಿಗೆ ಒಂದು ನಂಬಿಗಸ್ತ ಉಪಾಯವಿದೆ. ಕೊಂಡ ದಿನವೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಆ ತೂಕವನ್ನು ಅದರ ಮೈಮೇಲೆಯೇ ಮಾರ್ಕರಿನಿಂದ ಬರೆದಿಡಿ. 16 ಗ್ರಾಂ ಎಂದು ಅಚ್ಚಾಗಿರುವುದು ಒಳಗಿನ ಅನಿಲದ ತೂಕ, ಇಡೀ ಕಾರ್ಟ್ರಿಜ್‌ನದಲ್ಲ. ಮುಂದಿನ ಪರೀಕ್ಷೆಯಲ್ಲಿ ತೂಕ ಇಳಿದಿದ್ದರೆ ಅನಿಲ ಸೋರಿದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕಾರ್ಟ್ರಿಜ್ ಇರುವ ಚೀಲವನ್ನು ಬಿಡಬಾರದು. ಬಳಸುವಾಗ ಲೋಹ ಕೈ ಸುಡುವಷ್ಟು ತಣ್ಣಗಾಗುತ್ತದೆ, ಕಾಲುಚೀಲ ಸುತ್ತಿ ಹಿಡಿಯಿರಿ. ಈ ಅನಿಲ ಟ್ಯೂಬಿನ ರಬ್ಬರಿನ ಮೂಲಕ ಗಾಳಿಗಿಂತ ಬೇಗ ಹೊರಹೋಗುವುದರಿಂದ ಮನೆಗೆ ಬಂದ ಮೇಲೆ ಅದನ್ನು ಬಿಟ್ಟು ಮಾಮೂಲಿ ಗಾಳಿ ತುಂಬಬೇಕು. ಕಾರ್ಟ್ರಿಜ್ ಇದೆಯೆಂದು ಪಂಪು ಬಿಟ್ಟು ಹೋಗುವುದನ್ನು ನಾನು ಒಪ್ಪುವುದಿಲ್ಲ: ಎರಡನೆಯ ಪಂಚರಿಗೆ ಪಂಪೇ ಗತಿ.

ಆಗುಂಬೆಯ ಬಳಿ ನನ್ನಲ್ಲಿ ಇರಬೇಕಾಗಿದ್ದುದು ಹಿತ್ತಾಳೆಯ ಪುಟ್ಟ ಅಡಾಪ್ಟರ್. ಪ್ರೆಸ್ಟಾ ವಾಲ್ವಿನ ಮೇಲೆ ಇದನ್ನು ತಿರುಗಿಸಿ ಕೂರಿಸಿದರೆ ಯಾವುದೇ ಪಂಚರ್ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸಬಹುದು. ಇದು ಕಡಲೆಕಾಳಿನಷ್ಟೇ ಇರುವುದರಿಂದ ಕಳೆದುಹೋಗುವುದು ಬಹಳ ಬೇಗ. ಮುಂದಿನ ಚಕ್ರದ ವಾಲ್ವಿನ ಮೇಲೆಯೇ, ಮುಚ್ಚಳದಂತೆ, ಕೂರಿಸಿಟ್ಟುಕೊಂಡರೆ ಹುಡುಕುವ ಪ್ರಮೇಯವಿರುವುದಿಲ್ಲ. ಅದರೊಳಗಿನ ರಬ್ಬರಿನ ಉಂಗುರ ಇದೆಯೇ ಎಂದು ಆಗಾಗ ನೋಡಿ. ಬಂಕಿನ ಕಂಪ್ರೆಸರ್ ಸಪೂರ ಟೈರನ್ನು ಕ್ಷಣದಲ್ಲಿ ತುಂಬಿಬಿಡುತ್ತದೆ, ಆದ್ದರಿಂದ ಬಿಟ್ಟು ಬಿಟ್ಟು ಒತ್ತಿ ಎಂದು ಹೇಳಿ, ಪ್ರತಿ ಸಲವೂ ಹೆಬ್ಬೆರಳಿನಿಂದ ಟೈರನ್ನು ಅದುಮಿ ನೋಡಬೇಕು.

ಐದನೆಯ ಹಂತ: ಕೀ, ಲಿವರ್, ಚೈನು

ಹಲವು ಕೀಗಳು ಒಂದರೊಳಗೇ ಮಡಚಿಕೊಳ್ಳುವ ಮಲ್ಟಿಟೂಲಿನ ಪ್ರತಿಯೊಂದು ಕೀಯನ್ನೂ ತೆರೆದು, ಸೈಕಲ್ಲಿನ ಒಂದೊಂದು ಬೋಲ್ಟಿಗೂ ಹಾಕಿ ತುಸು ಸಡಿಲಿಸಿ, ಮತ್ತೆ ಬಿಗಿಯಿರಿ. ಹ್ಯಾಂಡಲ್ ಮತ್ತು ಸೀಟಿಗೆ ಸಾಮಾನ್ಯವಾಗಿ 4, 5, 6 ಮಿ.ಮೀ. ಅಲೆನ್ ಕೀಗಳು, ಡಿಸ್ಕ್ ಬ್ರೇಕಿನ ತಟ್ಟೆಗೆ ಹೆಚ್ಚಾಗಿ ಟಿ25 ನಕ್ಷತ್ರ ಕೀ ಬೇಕಾಗುತ್ತವೆ. ನೀರಿನ ಬಾಟಲಿಯ ಹಿಡಿಕೆಯ ಹಿಂದೆ ಅವಿತ ಬೋಲ್ಟಿಗೆ ಮಲ್ಟಿಟೂಲಿನ ದಪ್ಪ ಮೈ ತಲುಪುವುದೇ ಇಲ್ಲ ಎಂಬಂಥ ಸಂಗತಿಗಳು ಹೀಗೆ ಹಾಕಿ ನೋಡಿದಾಗಲೇ ತಿಳಿಯುತ್ತವೆ. ಕೀಯ ಮೂಲೆಗಳು ದುಂಡಗಾಗಿದ್ದರೆ ಅದು ಬೋಲ್ಟಿನ ಗುಣಿಯನ್ನೂ ಕೆಡಿಸುತ್ತದೆ. ತುಕ್ಕು ಕಂಡರೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಕೀಲುಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಮೈಯನ್ನು ಒಣಬಟ್ಟೆಯಿಂದ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಅದು ಕಾಲಾಂತರದಲ್ಲಿ ಜಿಗುಟಾಗುತ್ತದೆ.

ಟೈರನ್ನು ರಿಮ್ಮಿನಿಂದ ಎಬ್ಬಿಸುವ ಟೈರ್ ಲಿವರ್‌ಗಳನ್ನು ನಿಮ್ಮ ಟೈರಿನ ಮೇಲೆಯೇ ಬಳಸಿ ನೋಡಬೇಕು. ಪ್ಲಾಸ್ಟಿಕ್ಕಿನವು ಹಳೆಯದಾದಂತೆ ಪೆಡಸಾಗುತ್ತವೆ. ಬಗ್ಗುವ ಜಾಗದಲ್ಲಿ ಬಿಳಿ ಗೆರೆ ಮೂಡಿದ್ದರೆ ಮುಂದಿನ ಬಿಗಿಯಾದ ಟೈರಿಗೆ ಅದು ಮುರಿಯುತ್ತದೆ. ಹೊಸ ಟೈರು ಹಾಕಿಸಿದ ಮೇಲೆ ಈ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು.

ತುಂಡಾದ ಚೈನಿನ ತುದಿಗಳನ್ನು ಜೋಡಿಸುವ ಕ್ವಿಕ್ ಲಿಂಕ್ ಗೇರುಗಳ ಸಂಖ್ಯೆಗೆ ಹೊಂದಬೇಕು. 8 ಗೇರಿನ ಚೈನಿನ ಲಿಂಕ್ 11 ಗೇರಿನ ಚೈನಿಗೆ ಅಗಲವಾಗುತ್ತದೆ. ಹೊಸದು ತಂದಾಗ ಅದರ ಎರಡೂ ಅರ್ಧಗಳನ್ನು ಒಂದೇ ಪೊಟ್ಟಣದಲ್ಲಿ ಹಾಕಿ, ಮೇಲೆ ಸಂಖ್ಯೆ ಬರೆದು ಟೇಪು ಸುತ್ತಿ. ಕೆಲವು ಬಗೆಯವು ಒಂದೇ ಸಲ ಬಳಸಲು ತಯಾರಾದವು, ಬಿಚ್ಚಿದ ಮೇಲೆ ಅವನ್ನು ಮರಳಿ ಕಿಟ್‌ಗೆ ಸೇರಿಸಬೇಡಿ. ಚೈನು ಬದಲಿಸುವಾಗ ಉಳಿದ ತುಂಡನ್ನು ಎಸೆಯದೆ ಇಟ್ಟುಕೊಂಡು, ಅದರ ಮೇಲೆ ಪಿನ್ ಹೊರಗೆ ತಳ್ಳುವ ಉಪಕರಣವನ್ನು ಬಳಸಿ ಅಭ್ಯಾಸ ಮಾಡಿ. ಉಪಕರಣದ ಸೂಜಿ ಬಾಗಿದ್ದರೆ ಆಗಲೇ ಗೊತ್ತಾಗುತ್ತದೆ.

ಉಳಿದ ಸಣ್ಣ ವಸ್ತುಗಳನ್ನು ಬೇಗ ನೋಡಿ ಮುಗಿಸಬಹುದು. ಸೀಳಿದ ಟೈರಿನ ಒಳಗೆ ಒತ್ತಾಗಿ ಇಡಲು ಹಳೆಯ ಟೈರಿನ ಎರಡಂಗುಲ ತುಂಡು ಅಥವಾ ತೊಳೆದು ಕತ್ತರಿಸಿದ ಟೂತ್‌ಪೇಸ್ಟ್ ಟ್ಯೂಬಿನ ಹಾಳೆ, ನಾಲ್ಕಾರು ಜಿಪ್ ಟೈ, ಪಂಪಿನ ಮೈಗೆ ಸುತ್ತಿದ ಒಂದು ಮೀಟರ್ ಟೇಪು (ಇದರ ಅಂಟು ಬೇಸಿಗೆಯಲ್ಲಿ ಇಳಿಯುವುದರಿಂದ ಪ್ರತಿ ವರ್ಷ ಹೊಸದಾಗಿ ಸುತ್ತಬೇಕು), ಹಿಂದಿನ ಡಿರೈಲರನ್ನು (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಚೌಕಟ್ಟಿಗೆ ಜೋಡಿಸುವ ಹ್ಯಾಂಗರ್, ಸ್ವಲ್ಪ ನಗದು. ಹ್ಯಾಂಗರ್ ಒಂದೊಂದು ಮಾದರಿಯ ಸೈಕಲ್ಲಿಗೆ ಒಂದೊಂದು ಆಕಾರದ್ದು; ಬೋಲ್ಟಿನ ತೂತುಗಳು ಹೊಂದುತ್ತವೆಯೇ ಎಂದು ಈಗಿರುವುದರ ಪಕ್ಕದಲ್ಲಿ ಹಿಡಿದು ನೋಡಿ.

ಟ್ಯೂಬ್‌ಲೆಸ್ ಟೈರಿನವರು ತೂತಿಗೆ ತುರುಕುವ ರಬ್ಬರಿನ ಬತ್ತಿಗಳನ್ನು ಬೆರಳಿನಿಂದ ಹಿಸುಕಿ ನೋಡಬೇಕು. ಅವು ಜಿಗುಟಾಗಿಯೇ ಇರಬೇಕು, ಗಟ್ಟಿಯಾಗಿದ್ದರೆ ಬದಲಿಸಬೇಕು. ಸಣ್ಣ ತೂತುಗಳನ್ನು ತಾನೇ ಮುಚ್ಚುವ ದ್ರವ, ಟೈರಿನೊಳಗಿನ ಸೀಲೆಂಟ್, ನಮ್ಮ ಸೆಕೆಗೆ ಕೆಲವೇ ತಿಂಗಳಲ್ಲಿ ಒಣಗುವುದರಿಂದ ಅದನ್ನೂ ಇದೇ ದಿನ ನೋಡುವುದು ಒಳ್ಳೆಯದು. ಟ್ಯೂಬ್‌ಲೆಸ್ ಆದರೂ ಒಂದು ಟ್ಯೂಬ್ ಚೀಲದಲ್ಲಿರಲಿ.

ಕೊನೆಯ ಹಂತ: ಚೀಲ ತುಂಬುವುದು

ಖಾಲಿ ಚೀಲವನ್ನು ತೊಳೆದು ಪೂರ್ತಿ ಒಣಗಿಸಿ. ಜಿಪ್ಪಿನ ಹಲ್ಲುಗಳಿಗೆ ಮೇಣದ ಬತ್ತಿಯನ್ನು ಸವರಿ, ವೆಲ್ಕ್ರೋದಲ್ಲಿ ಸಿಕ್ಕಿರುವ ದಾರ ಕೂದಲುಗಳನ್ನು ಕಿತ್ತುಹಾಕಿ, ಸೀಟಿಗೆ ಕಟ್ಟುವ ಪಟ್ಟಿಯ ಹೊಲಿಗೆಯನ್ನು ಎಳೆದು ನೋಡಿ. ಸೊಲ್ಯೂಷನ್, ಪ್ಯಾಚು, ಲಿಂಕ್‌ಗಳು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿರಲಿ. ಮಲ್ಟಿಟೂಲನ್ನು ಒಂದು ತುಂಡು ಬಟ್ಟೆಯಲ್ಲಿ ಸುತ್ತಿ. ಪಂಚರಾದಾಗ ಮೊದಲು ಕೈಗೆ ಸಿಗಬೇಕಾದ ಲಿವರ್‌ಗಳು ಬಾಯಿಯ ಹತ್ತಿರ, ಹ್ಯಾಂಗರ್‌ನಂಥವು ತಳದಲ್ಲಿ ಇರಲಿ. ತುಂಬಿದ ಚೀಲವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ: ಗಲಗಲ ಸದ್ದು ಬಂದರೆ ಒಳಗೆ ಏನೋ ಏನನ್ನೋ ಉಜ್ಜುತ್ತಿದೆ, ಬಟ್ಟೆ ತುರುಕಿ ಸದ್ದು ನಿಲ್ಲಿಸಿ.

ರಸ್ತೆಯಲ್ಲಿ ಏನನ್ನಾದರೂ ಬಳಸಿದರೆ, ಮನೆಗೆ ಬಂದ ಸಂಜೆಯೇ, ಸೈಕಲ್ ಒರೆಸುವ ಮೊದಲೇ, ಅದನ್ನು ತುಂಬಿಸಿಡಿ. ಅಂದು ಸಾಧ್ಯವಾಗದಿದ್ದರೆ ಚೀಲದ ಜಿಪ್ಪನ್ನು ತೆರೆದೇ ಬಿಟ್ಟು ಹ್ಯಾಂಡಲಿಗೆ ನೇತುಹಾಕಿ. ಮರುದಿನ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಸೈಕಲ್ ಹೊರತೆಗೆದರೂ ಅದು ಕೈಗೆ ತಾಗುತ್ತದೆ. ರಟ್ಟಿನ ಚೀಟಿಯ ಹಿಂಬದಿಯಲ್ಲಿ ಪರೀಕ್ಷಿಸಿದ ದಿನಾಂಕ, ಸೊಲ್ಯೂಷನ್ ಕೊಂಡ ತಿಂಗಳು, ಪಂಪಿನ ಎಣಿಕೆ, ಇಷ್ಟನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ, ಏಕೆಂದರೆ ಪೆನ್ನಿನ ಶಾಯಿ ಮೊದಲ ಮಳೆಗೇ ಕದಡುತ್ತದೆ. ಆ ಚೀಟಿಯನ್ನು ಪ್ಯಾಚುಗಳ ಜೊತೆಗೆ ಪ್ಲಾಸ್ಟಿಕ್ ಚೀಲದೊಳಗೆ, ಬರಹ ಹೊರಗೆ ಕಾಣುವಂತೆ ಇಟ್ಟು ಜಿಪ್ ಎಳೆಯಿರಿ.